ಬೀಗತಿಯ ನಾಲ್ಕನೇ ಆವೃತ್ತಿ

ಬೆಳಿಗ್ಗೆ ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಕಲ್ಲವ್ವ ಬೆಟಗೇರಿಯ ಬಲಗೈ ಎರಡನೇ ಸಲ ಫೇಲಾಯಿತು.

ಅಂದು 2041ರ ನವೆಂಬರ್ 12, ಮಂಗಳವಾರ. ಸ್ಥಳ, ಹುಬ್ಬಳ್ಳಿಯ ಹೊರವಲಯದಲ್ಲಿರುವ ನರಸಾಧನ ಪರೀಕ್ಷಾ ಕೇಂದ್ರ. ಪರೀಕ್ಷೆ ಮಾಡಿದವಳು ಕೇಂದ್ರದ ಏಕೈಕ ಹಿರಿಯ ತಂತ್ರಜ್ಞೆ ಶಕುಂತಲಾ ಹಂಚಿನಮನಿ. ಫೇಲಾದ ಕೈ ಅವಳ ಸ್ವಂತ ಅಕ್ಕನದು.

ಯಂತ್ರದ ಪರದೆಯ ಮೇಲೆ ಕೆಂಪು ಅಕ್ಷರಗಳಲ್ಲಿ ‘ಅನುತ್ತೀರ್ಣ’ ಎಂದು ಬಂದಿತ್ತು. ಅದು ಈ ಕೇಂದ್ರಗಳನ್ನು ನಡೆಸುವ ಮಂಡಳಿಯ ಅಧಿಕೃತ ಶಬ್ದ. ಕೇಂದ್ರದಲ್ಲಿ ಯಾರೂ ಅದನ್ನು ಬಳಸುವುದಿಲ್ಲ.

“ಏನಂತೈತಿ ಬೇ?” ಎಂದಳು ಕಲ್ಲವ್ವ. ಕನ್ನಡಕವನ್ನು ಮನೆಯಲ್ಲೇ ಮರೆತು ಬಂದಿದ್ದಳು.

“ಫೇಲ್ ಅಂತೈತಿ.”

“ಮತ್ತೊಮ್ಮೆನ?”

“ಮತ್ತೊಮ್ಮೆ.”

ಕಲ್ಲವ್ವ ಬಲಗೈಯನ್ನು ಮುಖದ ಮುಂದೆ ತಂದು ಐದೂ ಬೆರಳು ಮಡಚಿ ಬಿಚ್ಚಿದಳು. “ನೋಡಿಲ್ಲಿ. ಮಡಚಾಕತ್ತೈತಿ, ಬಿಚ್ಚಾಕತ್ತೈತಿ. ಮುಂಜಾನಿಂದ ಎಂಬತ್ತು ರೊಟ್ಟಿ ಬಡದೈತಿ. ನನ್ನ ಕೈ ಸುದ್ದಿ ನನಗ ಹೆಚ್ಚು ಗೊತ್ತೊ, ನಿನ್ನ ಡಬ್ಬಿಗೊ?”

“ಅದನ್ನ ಡಬ್ಬಿಗೆ ಹೇಳಬೇಕಲ್ಲಕ್ಕ.”

“ಹೇಳು ಮತ್ತ. ಹತ್ತೊಂಬತ್ತು ವರ್ಷಾತು ಅದರ ಕೂಡ ಸಂಸಾರ ಮಾಡಾಕತ್ತು.”

ಮೂರನೇ ಪರೀಕ್ಷೆಯ ದಿನಾಂಕವನ್ನು ಯಂತ್ರ ತಾನೇ ಅಚ್ಚು ಹಾಕಿ ಚೀಟಿಯನ್ನು ಹೊರಗೆ ತಳ್ಳಿತ್ತು. ನವೆಂಬರ್ 21, ಗುರುವಾರ, ಬೆಳಿಗ್ಗೆ 11. ಒಂಬತ್ತು ದಿನ.

ನರಸೇತು ಎಂದರೆ ಮುಂಗೈಯ ಚರ್ಮದ ಕೆಳಗೆ ಕೂರಿಸುವ, ಹುಣಸೆಬೀಜದಷ್ಟು ಗಾತ್ರದ ಸಾಧನ. ತುಂಡಾದ ನರದ ಮೇಲ್ತುದಿಗೆ ಬರುವ ಸಂಕೇತವನ್ನು ಓದಿ, ಅದನ್ನು ಕೆಳಗಿನ ಸ್ನಾಯುಗಳಿಗೆ ದಾಟಿಸುವುದು ಅದರ ಕೆಲಸ. ಕಲ್ಲವ್ವಳ ಕೈಗೆ ಅದನ್ನು ಹಾಕಿ ಆರು ವರ್ಷವಾಗಿತ್ತು. ಅವಳ ಖಾನಾವಳಿಯ ಮಾಡಿನ ತಗಡು ಬಿರುಗಾಳಿಗೆ ಕಿತ್ತುಬಂದು ಮುಂಗೈಯನ್ನು ಸೀಳಿತ್ತು. ರಾಜ್ಯದಲ್ಲಿ ಈಗ ಹನ್ನೊಂದು ಸಾವಿರ ಜನ ನರಸೇತುವಿನ ಬಲದಿಂದ ಬರೆಯುತ್ತಾರೆ, ಹೊಲಿಯುತ್ತಾರೆ, ಉಣ್ಣುತ್ತಾರೆ.

ಪ್ರತಿ ಆರು ತಿಂಗಳಿಗೊಮ್ಮೆ ಅದರ ಪರೀಕ್ಷೆ ಕಡ್ಡಾಯ. ಈ ಕಾನೂನು ಸುಮ್ಮನೆ ಬಂದದ್ದಲ್ಲ. 2033ರಲ್ಲಿ ಕೆಟ್ಟುಹೋದ ನರಸೇತುವಿದ್ದ ಚಾಲಕನೊಬ್ಬನ ಮುಷ್ಟಿ ಸ್ಟೀರಿಂಗ್ ಮೇಲೆಯೇ ಬಿಗಿದುಕೊಂಡು ಮೂವರು ಸತ್ತಿದ್ದರು. ಅಂದಿನಿಂದ, ಸತತ ಮೂರು ಸಲ ಫೇಲಾದರೆ ಸಾಧನ ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಮೂರನೇ ಪರೀಕ್ಷೆಗೆ ಬಾರದಿದ್ದರೂ ಅಷ್ಟೆ. ಆ ಬೀಗವನ್ನು ತೆಗೆಯಲು ಯಾರಿಗೂ ಬರುವುದಿಲ್ಲ. ಶಿಫಾರಸು ನಡೆಯಬಾರದೆಂದು ಹಾಗೆ ಮಾಡಿದ್ದಾರೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಿಸಬೇಕು. ಶಸ್ತ್ರಚಿಕಿತ್ಸೆಯ ಸರದಿ ಬರುವುದಕ್ಕೆ ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಸುಮ್ಮನಿದ್ದ ಸ್ನಾಯು ಸೊರಗಿರುತ್ತದೆ. ಎಷ್ಟು ಬೆರಳು ಮರಳಿ ಬರುತ್ತವೆ ಎಂಬುದಕ್ಕೆ ಯಾವ ವೈದ್ಯರೂ ಮಾತು ಕೊಡುವುದಿಲ್ಲ.

ಪರೀಕ್ಷಾ ಯಂತ್ರಕ್ಕೂ ರೋಗಿಯ ಕೈಗೂ ನಡುವೆ ಊಟದ ಡಬ್ಬಿಯ ಗಾತ್ರದ ಒಂದು ಪೆಟ್ಟಿಗೆ ಇದೆ. ಮಂಡಳಿಯ ಕಾಗದಪತ್ರಗಳಲ್ಲಿ ಅದರ ಹೆಸರು ‘ಸಂಪರ್ಕ ಘಟಕ’. ಹುಬ್ಬಳ್ಳಿ ಕೇಂದ್ರದಲ್ಲಿ ಅದರ ಹೆಸರು ಬೀಗತಿ. ಯಂತ್ರದ ಮನೆಯವರಿಗೆ ಕೈಯ ಮನೆಯವರ ಮಾತು ತಿಳಿಯುವುದಿಲ್ಲ, ಕೈಯವರಿಗೆ ಯಂತ್ರದ ಮಾತು ತಿಳಿಯುವುದಿಲ್ಲ. ನಡುವೆ ಕುಳಿತು ಎರಡೂ ಕಡೆಯ ಮಾತು ಮುಟ್ಟಿಸುವವಳು ಇವಳು. ಅವಳು ಮುನಿಸಿಕೊಂಡರೆ ಎರಡೂ ಮನೆಗೆ ಕೇಡು. ಹೆಸರಿಟ್ಟವಳು ಶಕುಂತಲಾಳೇ.

“ಬೀಗತಿ ಅಂತ ಹೆಸರಿಟ್ಟೀದಿ,” ಎಂದಳು ಕಲ್ಲವ್ವ, ಚಪ್ಪಲಿ ಮೆಟ್ಟಿಕೊಳ್ಳುತ್ತ. “ಬೀಗ ಹಾಕದ ಬಿಡ್ತಾಳನು?”

ಬೀಗತಿಗೆ ಹತ್ತೊಂಬತ್ತು ವರ್ಷಗಳಲ್ಲಿ ನಾಲ್ಕು ಆವೃತ್ತಿಗಳು ಬಂದಿದ್ದವು. ಪ್ರತಿಯೊಂದರ ಜೊತೆಗೂ ‘ವಿಶ್ವಾಸಾರ್ಹತೆಯ ಸುಧಾರಣೆ’ ಎಂಬ ತಲೆಬರಹದ ಒಂದು ಹಾಳೆ. ಮೊದಲನೆಯದರ ಒಳಗೆ, ಲೋಹದ ಕವಚವನ್ನು ಅರ್ಥಿಂಗ್‌ಗೆಂದು ಭೂಮಿಗೆ ಜೋಡಿಸುವ ಒಂದು ತಾಮ್ರದ ಪಟ್ಟಿ ಇತ್ತು. ಮೈಸೂರು ಕೇಂದ್ರದ ಒಂದು ಪೆಟ್ಟಿಗೆಯಲ್ಲಿ ಆ ಪಟ್ಟಿ ಸಡಿಲಾಗಿ ಒಳಗಿನ ಬೋರ್ಡಿನ ಮೇಲೆ ಬಿದ್ದು ಶಾರ್ಟ್ ಆಯಿತು. ಹಾಗಾಗಿ ಎರಡನೇ ಆವೃತ್ತಿಯಲ್ಲಿ ಪಟ್ಟಿಯನ್ನೇ ತೆಗೆದುಹಾಕಿದರು. ಎರಡನೆಯದರ ಕೇಬಲ್ ಕೂಡುವ ಬಾಯಿ ಅಲುಗಾಡುತ್ತಿತ್ತು. ಮೂರನೇ ಆವೃತ್ತಿಯಲ್ಲಿ ಪಿನ್ನುಗಳಿಗೆ ಚಿನ್ನದ ಲೇಪ ಬಂತು. ಅಲುಗಾಟ ಹಾಗೇ ಉಳಿಯಿತು. ಚಿನ್ನದ ಲೇಪದೊಂದಿಗೆ ಅಲುಗಾಡುತ್ತಿತ್ತು.

ಅದಕ್ಕೆ ಶಕುಂತಲಾ ತನ್ನದೇ ಉಪಾಯ ಕಂಡುಕೊಂಡಿದ್ದಳು. ಎಡಗೈಯನ್ನು ಯಂತ್ರದ ಉಕ್ಕಿನ ಅಂಚಿಗೆ ಊರಿ, ಬಲಗೈಯ ಹೆಬ್ಬೆಟ್ಟನ್ನು ಬೀಗತಿಯ ಕವಚದ ಮೇಲೆ ಒತ್ತಿ ಹಿಡಿಯುವುದು. ನಲವತ್ತು ಸೆಕೆಂಡು. ಪರೀಕ್ಷೆ ಮುಗಿಯುವತನಕ ಅಲುಗಾಡುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೆಲ್ಲ ಅವಳು ಕಲಿಸುತ್ತಿದ್ದ ಮೊದಲ ಪಾಠ, “ಹೆಬ್ಬೆಟ್ಟು ಹಚ್ಚು.” ರಾಜ್ಯದ ಉಳಿದ ಮೂರು ಕೇಂದ್ರಗಳೂ ಅದನ್ನೇ ಕಲಿತವು. ಮಂಡಳಿಯ ಕೈಪಿಡಿಯಲ್ಲಿ ಅದು ಎಲ್ಲೂ ಇಲ್ಲ.

ನಾಲ್ಕನೇ ಆವೃತ್ತಿ ಸೆಪ್ಟೆಂಬರ್ 2ರಂದು ಬಂತು. ಕೇಬಲ್ ಬಾಯಿಗೆ ಗಟ್ಟಿ ಕೊಂಡಿ, ಮೇಲೆ ಪೂರ್ತಿ ಪ್ಲಾಸ್ಟಿಕ್ ಹೊದಿಕೆ. ಅಲುಗಾಟ ಇಲ್ಲವೇ ಇಲ್ಲ. ಹೆಬ್ಬೆಟ್ಟು ಹಚ್ಚಲು ಜಾಗವೂ ಇಲ್ಲ. ಶಕುಂತಲಾ ಮೊದಲ ವಾರ ಅದನ್ನು ಹೊಗಳಿ ಕಾಗದ ಬರೆದಳು.

ಅಲ್ಲಿಂದ ಮುಂದೆ, ನೂರಕ್ಕೆ ಎರಡು ಕೈಗಳು ಫೇಲಾಗುತ್ತಿದ್ದ ಕೇಂದ್ರದಲ್ಲಿ ನೂರಕ್ಕೆ ಒಂಬತ್ತು ಫೇಲಾಗತೊಡಗಿದವು.

ಅವಳು ದೂರು ಕೊಟ್ಟಳು. ಮಂಗಳೂರಿನಲ್ಲಿರುವ ಮಂಡಳಿಯ ವಿನ್ಯಾಸ ಕಚೇರಿಯಿಂದ ಮೊದಲ ಉತ್ತರ ಬಂತು. ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿ. ಎರಡನೇ ಉತ್ತರ, ಕೇಬಲನ್ನು ಬಿಚ್ಚಿ ಮತ್ತೆ ಹಾಕಿ. ಮೂರನೆಯದು, ದಯವಿಟ್ಟು ಮೊದಲ ಉತ್ತರವನ್ನು ಗಮನಿಸಿ. ನಾಲ್ಕನೆಯದರಲ್ಲಿ, ಉಳಿದ ಮೂರು ಕೇಂದ್ರಗಳಲ್ಲಿ ಫೇಲಾಗುವವರ ಪ್ರಮಾಣ ಬದಲಾಗಿಲ್ಲವಾದ್ದರಿಂದ ದೋಷ ಹುಬ್ಬಳ್ಳಿಯದೇ ಇರಬೇಕು ಎಂದಿತ್ತು. ಐದನೆಯದರಲ್ಲಿ, ದೂರು ಪರಿಹಾರವಾಗಿದೆ ಎಂದು ಭಾವಿಸಿ ಮುಕ್ತಾಯಗೊಳಿಸಲಾಗಿದೆ ಎಂದು ಬರೆದು, ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ ಎಂದು ಕೇಳಿದ್ದರು.

ಇಷ್ಟರಲ್ಲಿ ಹದಿನಾಲ್ಕು ಜನರ ಕೈಗೆ ಬೀಗ ಬಿದ್ದಿತ್ತು.

*

ಕಲ್ಲವ್ವಳ ಖಾನಾವಳಿ ದುರ್ಗದಬೈಲಿನ ಹಿಂದಿನ ಓಣಿಯಲ್ಲಿದೆ. ಹಿಂಭಾಗದ ಎರಡು ಕೋಣೆಗಳಲ್ಲಿ ಅಕ್ಕತಂಗಿಯರ ವಾಸ. ಕಲ್ಲವ್ವಳ ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿದೆ, ಶಕುಂತಲಾ ಮದುವೆಯಾಗಲಿಲ್ಲ.

ರೊಟ್ಟಿ ಬಡಿಯುವ ಯಂತ್ರಗಳು ಊರ ತುಂಬ ಬಂದಿವೆ. ಕಲ್ಲವ್ವ ಮಾತ್ರ ಕೈಯಲ್ಲೇ ಬಡಿಯುತ್ತಾಳೆ. ಅವಳ ಗಿರಾಕಿಗಳು ಬಾಗಿಲಲ್ಲಿ ನಿಂತು ಮೊದಲು ಸಪ್ಪಳ ಕೇಳುತ್ತಾರೆ. ಬಲ ಅಂಗೈ ಹಿಟ್ಟಿನ ಮೇಲೆ ಬೀಳುವ ಸಪ್ಪಳ, ಎಡಗೈ ಅದನ್ನು ತಿರುಗಿಸುವಾಗ ಒಂದು ಸಣ್ಣ ತಡೆ, ಮತ್ತೆ ಸಪ್ಪಳ. ತಗಡು ಬಿದ್ದ ಮೇಲೆ ಎಂಟು ತಿಂಗಳು ಆ ಸಪ್ಪಳ ನಿಂತಿತ್ತು. ಆ ಎಂಟು ತಿಂಗಳು ಕಲ್ಲವ್ವ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಕೂಲಿಯವರು ಅಡುಗೆ ಮಾಡಿದರು, ಇವಳು ಓಣಿಗೆ ಬೆನ್ನು ಮಾಡಿ ಕುಳಿತಿದ್ದಳು. ಊಟಕ್ಕೆ ತಂಗಿ ಕೈತುತ್ತು ಕೊಡಲು ಹೋದರೆ ತಾಟನ್ನು ನೂಕುತ್ತಿದ್ದಳು. ಶಕುಂತಲಾ ಅದನ್ನು ಮರೆತಿಲ್ಲ.

ಶುಕ್ರವಾರ ಮಧ್ಯಾಹ್ನ ಶಕುಂತಲಾ ಊಟಕ್ಕೆ ಬಂದಾಗ ಸಪ್ಪಳ ಬೇರೆಯಾಗಿತ್ತು. ತಡವರಿಸುತ್ತಿತ್ತು. ಒಳಗೆ ಹೋಗಿ ನೋಡಿದರೆ ಕಲ್ಲವ್ವ ಎಡಗೈಯಲ್ಲಿ ಬಡಿಯುತ್ತಿದ್ದಳು. ಬಲಗೈ ಮಡಿಲಲ್ಲಿತ್ತು.

“ಇದೇನಕ್ಕ?”

“ರೂಢಿ ಮಾಡ್ಕೊಳ್ಳಾಕತ್ತೀನಿ.”

ಬಾಗಿಲ ಹತ್ತಿರದ ಮೇಜಿನಿಂದ ಮುದುಕನೊಬ್ಬ ಕೂಗಿದ. “ಕಲ್ಲಕ್ಕಾ, ಇವತ್ತು ರೊಟ್ಟಿ ಬಡದೀಯೋ, ನಕಾಶೆ ಬರದೀಯೋ? ನನ್ನ ತಾಟಿನ್ಯಾಗ ಸಿಂಹಳ ದೇಶ ಬಂದೈತಿ!”

“ಪಲ್ಲೆ ಹಚ್ಚಿ ತಿನ್ನೋ. ದೇಶ ತಿಂದ ಪುಣ್ಯ ಬರತೈತಿ,” ಎಂದು ಕಲ್ಲವ್ವ ಒಳಗಿನಿಂದಲೇ ಉತ್ತರಿಸಿದಳು. ಆಮೇಲೆ ತಂಗಿಯ ಕಡೆ ತಿರುಗದೆ ಕೇಳಿದಳು, “ಗುರುವಾರದ್ದು ಬಿಟ್ಟು ಬಿಟ್ರ?”

“ಬರದಿದ್ರೂ ಬೀಗ ಬೀಳತೈತಿ.”

“ಮೈಸೂರಿಗೆ ಹೋಗಿ ಮಾಡಿಸಿದ್ರ?”

“ಕೇಂದ್ರ ಬದಲಿ ಮಾಡಾಕ ಮೂವತ್ತು ದಿನ ಬೇಕು.”

“ಹಂಗಾರ ಕಾನೂನು ಮಾಡಿದವ ಒಬ್ಬಾವ ಕೈ ಇಲ್ಲದಾವ ಇರಬೇಕು,” ಎಂದಳು ಕಲ್ಲವ್ವ. ರೊಟ್ಟಿಯನ್ನು ಹಂಚಿನ ಮೇಲೆ ಹಾಕುತ್ತ, “ಶಕ್ಕೂ, ಕೈ ಖರೇನ ಕೆಟ್ಟಿದ್ರ ಹೇಳಿಬಿಡು. ನಾ ಸುಮ್ಮನಾಗ್ತೀನಿ. ಕೆಡದ ಕೈ ಬಂದ್ ಮಾಡಿದ್ರ ಮಾತ್ರ ನಾ ಸುಮ್ಮನಾಗಂಗಿಲ್ಲ.”

ಕೆಟ್ಟಿದೆಯೋ ಇಲ್ಲವೋ ಶಕುಂತಲಾಳಿಗೆ ಗೊತ್ತಿರಲಿಲ್ಲ. ಅದೇ ಅವಳ ಸಂಕಟ.

*

ಒಂಬತ್ತು ದೂರುಗಳ ನಂತರ, ನವೆಂಬರ್ 18ರ ಸೋಮವಾರ, ವಿನ್ಯಾಸ ಕಚೇರಿಯಿಂದ ಒಬ್ಬ ಎಂಜಿನಿಯರ್ ಬಂದ. ಹೆಸರು ಡೆನ್ಜಿಲ್ ಪಿಂಟೊ. ನಾಲ್ಕನೇ ಆವೃತ್ತಿಯನ್ನು ವಿನ್ಯಾಸ ಮಾಡಿದವರಲ್ಲಿ ಅವನೂ ಒಬ್ಬ. ಪರೀಕ್ಷಾ ಕೋಣೆಯ ಬಾಗಿಲಲ್ಲಿ ಎರಡು ಬೋರ್ಡುಗಳಿದ್ದವು. ಒಂದು, ‘ಪಾದರಕ್ಷೆ ಹೊರಗೆ ಬಿಡಿ’. ಇನ್ನೊಂದು, ನೀರಿನ ನಲ್ಲಿಯ ಮೇಲೆ ಶಕುಂತಲಾ ಸ್ವಂತ ಕೈಯಲ್ಲಿ ಬರೆದದ್ದು, ‘ಕಾಲು ತೊಳೆದುಕೊಂಡು ಒಳಗೆ ಬನ್ನಿ’. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಕೆಸರಿನ ಕಾಟ ತಾಳಲಾರದೆ ಹಾಕಿದ್ದು. ಹತ್ತರಲ್ಲಿ ಒಬ್ಬರು ಪಾಲಿಸುತ್ತಿದ್ದರು. ಡೆನ್ಜಿಲ್ ಎರಡನ್ನೂ ಓದದೆ ಬೂಟಿನಲ್ಲೇ ಒಳಗೆ ಬಂದ. ದೂರದಿಂದ ಬಂದವನೆಂದು ಶಕುಂತಲಾ ಸುಮ್ಮನಿದ್ದಳು.

ಅವನು ಒಂದು ಅಣಕು ಕೈ ತಂದಿದ್ದ. ಒಳಗೆ ನರಸೇತುವಿನಂಥದೇ ವಿದ್ಯುತ್ ಮಂಡಲವಿರುವ ರಬ್ಬರಿನ ಮುಂಗೈ. ಅದನ್ನು ಬೀಗತಿಗೆ ಜೋಡಿಸಿ ಸೋಮವಾರವೂ ಮಂಗಳವಾರವೂ ಪರೀಕ್ಷೆ ಮಾಡಿದ. ಇನ್ನೂರ ಹದಿನೇಳು ಸಲ. ಇನ್ನೂರ ಹದಿನೇಳು ಸಲವೂ ಪಾಸು.

“ಪೆಟ್ಟಿಗೆಯಲ್ಲಿ ಎಂತದ್ದೂ ತೊಂದರೆ ಇಲ್ಲ ಮೇಡಂ,” ಎಂದ.

“ಹಂಗಾರ ಜನರ ಕೈಯಾಗ ಐತೇನು? ಒಂದ ಊರಾಗಿನ ಮಂದಿಗೆ?”

“ನೀವು ಮೊದಲು ಹೆಬ್ಬೆಟ್ಟು ಒತ್ತಿ ಹಿಡಿತಿದ್ರಿ ಅಲ್ವಾ? ಕೈಪಿಡಿಯಲ್ಲಿ ಉಂಟಾ ಅದು?”

“ನಿಮ್ಮ ಡಬ್ಬಿ ಅಲುಗಾಡದಂಗ ಇದ್ದಿದ್ರ ನನ್ನ ಹೆಬ್ಬೆಟ್ಟಿಗೆ ಕೆಲಸ ಇರ್ತಿರಲಿಲ್ಲ.”

“ಅದೇ ನಾನು ಹೇಳುದು ಮಾರಾಯ್ರೆ. ಕೆಟ್ಟ ಕೈಯೂ ನಿಮ್ಮ ಹೆಬ್ಬೆಟ್ಟಿನ ಬಲದಲ್ಲಿ ಪಾಸಾಗಿರ್ಬಹುದು. ಹೊಸ ಪೆಟ್ಟಿಗೆ ಸತ್ಯ ಹೇಳ್ತಾ ಉಂಟು. ರೋಗಿ ಮನೆಗೆ ಹೋಗುವಾಗ ನಿಮ್ಮ ಹೆಬ್ಬೆಟ್ಟು ತಗೊಂಡು ಹೋಗ್ತಾರಾ?”

ಶಕುಂತಲಾಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಹೆದರಿಕೆಯೂ ಬಂತು. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಸುಮಾರು ಮೂವತ್ತೆಂಟು ಸಾವಿರ ಪರೀಕ್ಷೆ ಮಾಡಿದ್ದಳು. ಅದರಲ್ಲಿ ಹೆಬ್ಬೆಟ್ಟಿನ ಪಾಸು ಎಷ್ಟು? ಅಕ್ಕನ ಕೈ ಆರು ವರ್ಷದಿಂದ ಪಾಸಾಗಿದ್ದು ಯಾವುದರಿಂದ? ಅಂದು ಅವಳು ಖಾನಾವಳಿಯಲ್ಲಿ ಊಟ ಬಿಟ್ಟಳು. ಕಲ್ಲವ್ವ ಬಲಗೈಯಲ್ಲಿ ಬಡಿದ ಬಿಸಿ ರೊಟ್ಟಿಯೊಂದನ್ನು ಮುಂದಿಟ್ಟು ಒಳಗೆ ಹೋದಳು.

ಬುಧವಾರ ಮಧ್ಯಾಹ್ನ ಒಂದೂಮುಕ್ಕಾಲಿಗೆ ಡೆನ್ಜಿಲ್ ಊಟ ಮುಗಿಸಿ ಬರುವಾಗ ನಲ್ಲಿಯ ಮುಂದಿನ ಗುಂಡಿಗೆ ಕಾಲಿಟ್ಟ. ಬೂಟು, ಸಾಕ್ಸು, ಪ್ಯಾಂಟಿನ ತುದಿ ಎಲ್ಲ ಕೆಸರು.

“ಈಗರ ಬಿಡ್ರಿ ಬೂಟು,” ಎಂದಳು ಶಕುಂತಲಾ. “ಕಾಲು ತೊಳಕೊಂಡು ಒಳಗ ಬರ್ರಿ. ಬೋರ್ಡ್ ಓದಾಕ ಬರತೈತಿಲ್ಲೊ?”

“ಇದು ಪ್ರಯೋಗಾಲಯವಾ, ದೇವಸ್ಥಾನವಾ?”

“ನೆಲ ಒರಸಾಕಿ ನಾನು. ಅಷ್ಟ ತಿಳ್ಕೊರಿ.”

ಅವನು ಗೊಣಗುತ್ತ ಕಾಲು ತೊಳೆದು ಬರಿಗಾಲಲ್ಲಿ ಬಂದ. ಪರೀಕ್ಷಾ ಕುರ್ಚಿಯ ಮುಂದೆ ಸ್ಥಿರವಿದ್ಯುತ್ತನ್ನು ನೆಲಕ್ಕೆ ಹರಿಸಲು ಹಾಸಿದ ಕಪ್ಪು ಚಾಪೆ ಇದೆ. ಅದರ ಮೇಲೆ ನಿಂತು, ಹಿಂದಿನ ಎರಡು ದಿನಗಳಂತೆಯೇ ಅಣಕು ಕೈಯ ಮಣಿಕಟ್ಟು ಹಿಡಿದು ಗುಂಡಿ ಒತ್ತಿದ. ಫೇಲು.

ಇನ್ನೊಮ್ಮೆ ಒತ್ತಿದ. ಫೇಲು.

“ಎಂತ ಇದು?” ಎಂದ. ಕೇಬಲ್ ಬಿಚ್ಚಿದ, ಹಾಕಿದ. ಯಂತ್ರ ಆರಿಸಿದ, ಹಚ್ಚಿದ. ಫೇಲು.

“ನಕ್ಷತ್ರ ಎಷ್ಟು ಕೊಡ್ಲಿ?” ಎಂದಳು ಶಕುಂತಲಾ.

ಅಷ್ಟರಲ್ಲಿ ಅಬ್ದುಲ್ ಗಫೂರ್ ಕಿತ್ತೂರ ಒಳಗೆ ಬಂದರು. ಎಪ್ಪತ್ತರ ಹತ್ತಿರದ ಗಡಿಯಾರ ರಿಪೇರಿಯವರು. ಅಕ್ಟೋಬರ್ 9ರಂದು ಅವರ ಬಲಗೈಗೆ ಬೀಗ ಬಿದ್ದಿತ್ತು. ಮೂರೂ ಪರೀಕ್ಷೆ ಮಾಡಿದವಳು ಶಕುಂತಲಾ. ಈಗ ಆ ಕೈ ಅಂಗಿಯ ಜೇಬಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಜೋತಾಡುತ್ತದೆ. ಪ್ರತಿ ಬುಧವಾರ ಅವರು ಶಸ್ತ್ರಚಿಕಿತ್ಸೆಯ ಸರದಿ ಎಷ್ಟಕ್ಕೆ ಬಂತೆಂದು ಕೇಳಿಹೋಗುತ್ತಿದ್ದರು.

“ಎಷ್ಟಾತವಾ ನಂಬರು?”

“ನೂರಾ ಹನ್ನೆರಡು, ಚಾಚಾ.”

“ಹೋದ ವಾರ ನೂರಾ ಹದಿನಾಕಿತ್ತು. ಓಡಾಕತ್ತೈತಿ ಬಿಡು,” ಎಂದು ನಕ್ಕರು.

ಶಕುಂತಲಾ ಅವರ ಮುಖ ನೋಡುತ್ತಿರಲಿಲ್ಲ. ಕಪ್ಪು ಚಾಪೆಯನ್ನು ನೋಡುತ್ತಿದ್ದಳು. ಅದರ ಮೇಲೆ ಎರಡು ಜೊತೆ ಒದ್ದೆ ಹೆಜ್ಜೆಗಳಿದ್ದವು. ಒಂದು ಡೆನ್ಜಿಲನದು, ಒಂದು ಗಫೂರ್ ಸಾಹೇಬರದು.

“ಚಾಚಾ,” ಎಂದಳು. “ಪರೀಕ್ಷೆಗೆ ಬಂದಾಗ ಮೂರೂ ಸಲ ಇದ ಹೊತ್ತಿಗೆ ಬಂದಿದ್ರಿ ಹೌದಲ್ರಿ?”

“ಹೌದು. ನಮಾಜ್ ಮುಗಿಸಿಕೊಂಡ ಬರ್ತಿದ್ನೆಲ್ಲ.”

“ಕಾಲು ಒದ್ದಿ ಇದ್ದುವು?”

“ನಮಾಜಿಗೆ ವಜೂ ಮಾಡಿ ತೊಳದಿದ್ದು ಒಣಗಿದ್ದುವು. ಮತ್ತ ನಿನ್ನ ಬೋರ್ಡ್ ನೋಡಿ ಇಲ್ಲಿ ಇನ್ನೊಮ್ಮೆ ತೊಳೀತಿದ್ದೆ. ನೀ ಅಷ್ಟು ಚಂದಾಗಿ ಬರದೀ, ತೊಳೀದ ಹೆಂಗ ಬರ್ಲಿ?”

ಶಕುಂತಲಾ ಕುರ್ಚಿಯ ಅಂಚಿನಲ್ಲಿ ಕುಳಿತಳು. ಅಕ್ಕನೂ ಎರಡೂ ಸಲ ನಲ್ಲಿಯ ಹತ್ತಿರ ನಿಂತು, ಸೀರೆ ಎತ್ತಿ ಹಿಡಿದು, ಹಿಮ್ಮಡಿ ತಿಕ್ಕಿ ತೊಳೆದಿದ್ದಳು. ತಂಗಿ ಕೆಲಸ ಮಾಡುವ ಜಾಗ ಎಂದು.

ಮುಂದಿನದನ್ನು ಡೆನ್ಜಿಲ್ ಪೂರೈಸಿದ. ಟವೆಲಿನಿಂದ ಕಾಲನ್ನೂ ಚಾಪೆಯನ್ನೂ ಒರೆಸಿ ಒಣಗಿಸಿ ಪರೀಕ್ಷೆ ಮಾಡಿದ. ಪಾಸು. ಕಾಲು ಒದ್ದೆ ಮಾಡಿದ. ಫೇಲು. ಒಣಗಿಸಿದ. ಪಾಸು. ಹನ್ನೆರಡು ಸಲ ಹೀಗೆ ಮಾಡಿ, ಕೊನೆಗೆ ಬೀಗತಿಯ ಹೊದಿಕೆ ಬಿಚ್ಚಿದ. ಒಳಗೆ ಕವಚದ ಮೂಲೆಯಲ್ಲಿ ಎರಡು ಖಾಲಿ ತೂತುಗಳಿದ್ದವು. ಮೊದಲ ಆವೃತ್ತಿಯ ತಾಮ್ರದ ಪಟ್ಟಿ ಕೂರುತ್ತಿದ್ದ ಜಾಗ. ಪಕ್ಕದಲ್ಲಿ ಬಿಳಿ ಅಕ್ಷರದಲ್ಲಿ ‘ಹಾಕಬೇಡಿ’ ಎಂದಿತ್ತು.

ಪಟ್ಟಿ ಇಲ್ಲದ ಕವಚ ಭೂಮಿಗೆ ತಾಗದೆ ತೇಲುತ್ತದೆ. ಗೋಡೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಹಿಡಿದುಕೊಳ್ಳುತ್ತದೆ. ಬೂಟು ಹಾಕಿದವನ ಮೈಯೂ, ಒಣ ಬರಿಗಾಲಿನವನ ಮೈಯೂ ಹೆಚ್ಚುಕಡಿಮೆ ಹಾಗೇ ತೇಲುತ್ತವೆ. ಎರಡೂ ಒಟ್ಟಿಗೆ ತೇಲಿದರೆ ಯಂತ್ರಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಒದ್ದೆ ಕಾಲು ಚಾಪೆಗೆ ತಾಗಿತೆಂದರೆ ಮೈ ಮಾತ್ರ ಭೂಮಿಗೆ ಸೇರುತ್ತದೆ, ಕವಚ ಮೇಲೆಯೇ ಉಳಿಯುತ್ತದೆ. ನಡುವಿನ ಆ ವ್ಯತ್ಯಾಸವನ್ನು ಯಂತ್ರ ಕೈಯ ದೋಷವೆಂದು ಓದುತ್ತದೆ.

“ಮತ್ತೆ ಇಷ್ಟು ವರ್ಷ ಯಾಕೆ ಬರ್ಲಿಲ್ಲ?” ಎಂದು ಡೆನ್ಜಿಲ್ ತನ್ನನ್ನೇ ಕೇಳಿಕೊಂಡ. ಉತ್ತರ ಶಕುಂತಲಾಳ ಕೈಯಲ್ಲಿತ್ತು. ಅವಳು ಅರಿವಿಲ್ಲದೆಯೇ ಎಡಗೈಯನ್ನು ಉಕ್ಕಿನ ಅಂಚಿಗೆ ಊರಿ, ಬಲ ಹೆಬ್ಬೆಟ್ಟನ್ನು ತೆರೆದ ಕವಚದ ಮೇಲೆ ಒತ್ತಿದ್ದಳು. ಒದ್ದೆ ಕಾಲಿನ ಡೆನ್ಜಿಲ್ ಗುಂಡಿ ಒತ್ತಿದ. ಪಾಸು. ಭೂಮಿಗೆ ಜೋಡಿಸಿದ ಉಕ್ಕಿನ ಅಂಚಿನಿಂದ ಕವಚಕ್ಕೆ ಅವಳ ಮೈಯೇ ತಂತಿಯಾಗಿತ್ತು. ಎರಡನೇ ಆವೃತ್ತಿಯಿಂದ ಈಚೆಗೆ, ತೆಗೆದುಹಾಕಿದ ತಾಮ್ರದ ಪಟ್ಟಿಯ ಕೆಲಸವನ್ನು ನಾಲ್ಕು ಊರುಗಳ ತಂತ್ರಜ್ಞರ ಹೆಬ್ಬೆಟ್ಟುಗಳು ಮಾಡಿಕೊಂಡು ಬಂದಿದ್ದವು. ಅವರಿಗೂ ಗೊತ್ತಿರಲಿಲ್ಲ, ಮಂಡಳಿಗೂ ಗೊತ್ತಿರಲಿಲ್ಲ. ಉಳಿದ ಮೂರು ಊರುಗಳಲ್ಲಿ ಬಾಗಿಲಿಗೆ ನಲ್ಲಿ ಇರಲಿಲ್ಲ, ಹಾಗಾಗಿ ಹೆಬ್ಬೆಟ್ಟು ಹೋದ ಮೇಲೂ ಅಲ್ಲಿ ಫೇಲು ಹೆಚ್ಚಲಿಲ್ಲ.

“ಎಲೆಕ್ಟ್ರಾನಿಕ್ ಪರೀಕ್ಷೆಗೆ ಯಾರಾದ್ರೂ ಕಾಲು ತೊಳ್ಕೊಂಡು ಬರ್ತಾರಾ ಅಂತ ನಾವು ಯೋಚನೆಯೇ ಮಾಡ್ಲಿಲ್ಲ,” ಎಂದ ಡೆನ್ಜಿಲ್.

“ಕಾಲು ತೊಳೀದ ಬರ್ತಾರಂತ ನಾನೂ ಯೋಚನಿ ಮಾಡಿರಲಿಲ್ಲ.”

ಗಫೂರ್ ಸಾಹೇಬರು ಇಬ್ಬರನ್ನೂ ಸರದಿಯಂತೆ ನೋಡಿದರು. “ಹಂಗಾರ ನನ್ನ ಕೈ ಕೆಟ್ಟಿರಲಿಲ್ಲ?”

ಶಕುಂತಲಾ ಕವಚದ ಮೇಲಿನ ಹೆಬ್ಬೆಟ್ಟನ್ನು ತೆಗೆದಳು.

“ಬೀಗ ತಗೀರಿ ಮತ್ತ,” ಎಂದರು ಅವರು, ಬಹಳ ಮೆತ್ತಗೆ.

“ತೆಗಿಲಿಕ್ಕೆ ಆಗುದಿಲ್ಲ,” ಎಂದ ಡೆನ್ಜಿಲ್. “ಹಾಗೆ... ಹಾಗೆಯೇ ಮಾಡಿದ್ದು ಅದನ್ನು.”

ಅವರು ಜೋತಾಡುವ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಜೇಬಿನೊಳಗೆ ಇಟ್ಟುಕೊಂಡರು. “ಬುಧವಾರ ಬರ್ತೀನವಾ,” ಎಂದು ಹೋದರು.

ಡೆನ್ಜಿಲ್ ಮಂಗಳೂರಿಗೆ ಫೋನು ಮಾಡಿದ. ಮೂವತ್ತೈದು ನಿಮಿಷ ಮಾತಾಡಿದ. ಪಟ್ಟಿಯನ್ನು ಮರಳಿ ಹಾಕುವುದೆಂದರೆ ಹೊಸ ಆವೃತ್ತಿ. ಹೊಸ ಆವೃತ್ತಿಗೆ ಸಮಿತಿ ಒಪ್ಪಬೇಕು, ತೊಂಬತ್ತು ದಿನ. ಅಲ್ಲಿಯವರೆಗೆ ಮೊಹರು ಒಡೆದ ಪೆಟ್ಟಿಗೆ ಬಳಸುವಂತಿಲ್ಲ. ಅದಕ್ಕೆ ಇನ್ನೊಂದು ನಾಲ್ಕನೇ ಆವೃತ್ತಿಯನ್ನು ರಾತ್ರಿ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಪರೀಕ್ಷೆಗಳನ್ನು ಅಷ್ಟು ದಿನ ನಿಲ್ಲಿಸಬಹುದೇ ಎಂದು ಅವನು ಕೇಳಿದ. ನಿಲ್ಲಿಸಿದರೆ ಬಾರದವರ ಲೆಕ್ಕಕ್ಕೆ ಹೋಗಿ ಬೀಗ ಬೀಳುತ್ತದೆ ಎಂದು ಆ ಕಡೆಯಿಂದ ಉತ್ತರ ಬಂತು. ಅವನು ಫೋನು ಇಟ್ಟು, ತುಳುವಿನಲ್ಲಿ ಏನೋ ಅಂದ. ಶಕುಂತಲಾ ಅರ್ಥ ಕೇಳಲಿಲ್ಲ.

ಆಮೇಲೆ ಅವಳು ಹೊರಗೆ ಹೋಗಿ ನಲ್ಲಿಯ ಮೇಲಿನ ಬೋರ್ಡನ್ನು ಕಿತ್ತಳು.

*

ಗುರುವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಕಲ್ಲವ್ವ ಬಂದಳು. ಶಕುಂತಲಾ ಬಾಗಿಲಲ್ಲೇ ಒಂದು ಜೊತೆ ಹೊಸ ರಬ್ಬರ್ ಚಪ್ಪಲಿ ಹಿಡಿದು ನಿಂತಿದ್ದಳು.

“ಕಾಲು ತೊಳೀಬ್ಯಾಡ. ಇವನ್ನ ಹಾಕ್ಕೊಂಡು ಒಳಗ ಬಾ.”

“ಒಳಗ? ಚಪ್ಪಲಿ ಹಾಕ್ಕೊಂಡು?”

“ಹೂಂ.”

“ನಿನಗ ತಲಿ ಕೆಟ್ಟೈತೇನು? ಹತ್ತೊಂಬತ್ತು ವರ್ಷ ಊರ ಮಂದಿ ಚಪ್ಪಲಿ ಬಿಡಿಸಿ, ಇವತ್ತು ಸ್ವಂತ ಅಕ್ಕ ಬಂದ್ಲಂತ ಚಪ್ಪಲಿ ಕಾಲಾಗ ಕರ್ಕೊಂಡು ಹೋಗ್ತೀಯಾ? ಹೊರಗ ನಾಕು ಮಂದಿ ಕುಂತಾರ. ಏನಂದಾರು?”

“ಅಕ್ಕಾ, ನಿನ್ನೆ ಎಲ್ಲಾ ಹೇಳೀನಿ. ಒದ್ದಿ ಕಾಲು ಚಾಪಿಗೆ ತಾಗಬಾರದು.”

“ತೊಳದಿಲ್ಲಲ್ಲ ಮತ್ತ. ಒಣಾ ಕಾಲಾಗ ಬರ್ತೀನಿ.”

“ಬೆವರತಾವು. ಬೆವರಿದ್ರೂ ಫೇಲ್ ಆಗಬಹುದು. ಮೂರನೇದ್ದು ಐತಿ ಇದು. ನಾಕನೇದ್ದು ಇಲ್ಲ.”

ಕಲ್ಲವ್ವ ಚಪ್ಪಲಿಯನ್ನು ನೋಡಿದಳು, ಒಳಗೆ ನೋಡಿದಳು. ಗೋಡೆಗೆ ಒರಗಿ ನಿಂತ ಡೆನ್ಜಿಲ್ ಅಂದು ತಾನಾಗಿಯೇ ಬೂಟು ಬಿಟ್ಟು ಬಂದಿದ್ದ.

“ತಾಗಬಾರದು ಅಷ್ಟ ಹೌದಲ್ಲೊ?” ಎಂದಳು. ಬರಿಗಾಲಲ್ಲಿ ನೆಟ್ಟಗೆ ಒಳಗೆ ನಡೆದು, ಪರೀಕ್ಷಾ ಕುರ್ಚಿಯನ್ನು ಹತ್ತಿ, ಒಲೆಯ ಮುಂದೆ ಕೂರುವ ಹಾಗೆ ಎರಡೂ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕುಳಿತಳು. ಸೀರೆಯ ಸೆರಗನ್ನು ಮೊಳಕಾಲ ಮೇಲೆ ಎಳೆದುಕೊಂಡಳು. “ಮಾಡು ಈಗ.”

ಕುರ್ಚಿಯ ಆಸನ ಪ್ಲಾಸ್ಟಿಕ್ಕಿನದು. ಡೆನ್ಜಿಲ್ ಬಗ್ಗಿ ನೋಡಿ, “ಇದು ಕೈಪಿಡಿಯಲ್ಲಿ ನಿಷೇಧ ಇಲ್ಲ,” ಎಂದ.

ಶಕುಂತಲಾ ಕೇಬಲನ್ನು ಜೋಡಿಸಿದಳು. ಕೊಂಡಿ ಟಕ್ ಎಂದಿತು. ಅವಳ ಹೆಬ್ಬೆಟ್ಟು ಹೊದಿಕೆಯ ಮೇಲೆ ಹೋಗಿ ಕುಳಿತಿತು. ಅಲ್ಲಿ ಅದಕ್ಕೆ ಕೆಲಸವಿಲ್ಲವೆಂದು ಗೊತ್ತಿದ್ದೂ ಅವಳು ತೆಗೆಯಲಿಲ್ಲ. ನಲವತ್ತು ಸೆಕೆಂಡು. ಕಲ್ಲವ್ವಳ ಬೆರಳುಗಳು ಯಂತ್ರ ಹೇಳಿದಂತೆ ಒಂದೊಂದಾಗಿ ಮಡಚಿದವು, ಬಿಚ್ಚಿದವು.

ಪರದೆ ಹಸಿರಾಯಿತು.

“ಏನಂತೈತಿ ಬೇ?” ಈ ಸಲ ಕಲ್ಲವ್ವ ಕನ್ನಡಕ ಹಾಕಿಕೊಂಡು ಬಂದಿದ್ದಳು. ಆದರೂ ಕೇಳಿದಳು.

ಶಕುಂತಲಾ ಕೇಬಲ್ ಬಿಚ್ಚಿದಳು. “ಪಾಸ್ ಅಂತೈತಿ.”

“ಹೂಂ,” ಎಂದಳು ಕಲ್ಲವ್ವ. “ಬೀಗತಿಗೆ ಮಂಗಳಾರತಿ ಮಾಡ್ಲೊ, ಕಟಗಿ ತಗೊಂಡು ಬಡೀಲೊ?” ಕುರ್ಚಿಯಿಂದ ಇಳಿದು, ಡೆನ್ಜಿಲನನ್ನು ನೋಡಿ, “ನೀ ಏನ ಕೆಡಿಸಿದ್ರೂ ಊಟಕ್ಕ ಬಾ. ಎರಡು ಗಂಟೆ ಒಳಗ ಬಂದ್ರ ಬಿಸಿ ರೊಟ್ಟಿ,” ಎಂದಳು.

ಅವನು ಹೋದ. ಬಾಗಿಲಲ್ಲಿ ಚಪ್ಪಲಿಗಳ ಸಾಲು ಕಂಡು ಬೂಟು ಬಿಚ್ಚಿದ. ಪಕ್ಕದಲ್ಲಿ ನೀರಿನ ಕೊಡ ಇತ್ತು. ಕಾಲು ತೊಳೆಯಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತಿದ್ದ.

ತನಿಖಾ ವರದಿಯನ್ನು ಶಕುಂತಲಾ ಮತ್ತು ಡೆನ್ಜಿಲ್ ಸೇರಿ ಬರೆದರು. ಅದರಲ್ಲಿ ಮೂರು ಕಾರಣಗಳಿದ್ದವು. ತೆಗೆದುಹಾಕಿದ ಪಟ್ಟಿ, ದಾಖಲಾಗದ ಹೆಬ್ಬೆಟ್ಟು, ಮತ್ತು ತಂತ್ರಜ್ಞೆ ಶ. ಹಂಚಿನಮನಿ ಹಾಕಿದ ಬೋರ್ಡು. ಮೂರನೆಯದು ಯಂತ್ರಾಂಶಕ್ಕೆ ಸಂಬಂಧಿಸಿಲ್ಲವೆಂದು ಕಚೇರಿ ಅದನ್ನು ಹೊಡೆದುಹಾಕಿತು. ಅವಳು ಮತ್ತೆ ಸೇರಿಸಿ ಕಳಿಸಿದಳು. ಕಚೇರಿ ಮತ್ತೆ ಹೊಡೆದುಹಾಕಿತು. ಬೀಗ ಬಿದ್ದ ಹದಿನಾಲ್ಕು ಜನರ ಮನೆಗೂ ಅವಳು ಹೋಗಿ ವಿಚಾರಿಸಿದಳು. ಹನ್ನೊಂದು ಜನ ಕಾಲು ತೊಳೆದಿದ್ದೆವು ಎಂದರು. ಇಬ್ಬರಿಗೆ ನೆನಪಿರಲಿಲ್ಲ. ಒಬ್ಬರು ತೊಳೆದಿರಲಿಲ್ಲ, ಅವರ ನರಸೇತು ನಿಜಕ್ಕೂ ಕೆಟ್ಟಿತ್ತು.

ಬೀಗತಿಯ ಐದನೇ ಆವೃತ್ತಿ 2042ರ ಫೆಬ್ರವರಿ 24ರಂದು ಬಂತು. ತಾಮ್ರದ ಪಟ್ಟಿ ಮರಳಿ ಬಂದಿತ್ತು, ಈ ಸಲ ಎರಡು ಸ್ಕ್ರೂಗಳೊಂದಿಗೆ. ಜೊತೆಗಿದ್ದ ಹಾಳೆಯ ತಲೆಬರಹ ‘ವಿಶ್ವಾಸಾರ್ಹತೆಯ ಸುಧಾರಣೆ’.

ಗಫೂರ್ ಸಾಹೇಬರ ಶಸ್ತ್ರಚಿಕಿತ್ಸೆ 2042ರ ಡಿಸೆಂಬರ್ 18ರಂದು ಆಯಿತು. ನಾಲ್ಕು ಬೆರಳುಗಳು ಮಡಚುತ್ತವೆ. ಹೆಬ್ಬೆಟ್ಟು ಇನ್ನೂ ಮಡಚುವುದಿಲ್ಲ.